ಹುಲ್ಲಿನ ಕಾಡಿಗೆ

ಯಳಂದೂರಿನ ಕಡೆಯ ಹೊಲಗಳಲ್ಲಿ ಬದುವಿಗೆ ಗರಿಕೆಯೂ ಒಳಗೆ ರಾಗಿಯೂ ಬೆಳೆಯುವುವು. ಎರಡೂ ಹುಲ್ಲಿನ ಮನೆತನದವೇ. ಗರಿಕೆಯ ಹೂದೆನೆ ಒಮ್ಮೊಮ್ಮೆ ಇಡಿಯಾಗಿ ಮಸಿಯಾಗುವುದು. ಮುಟ್ಟಿದರೆ ಬೆರಳು ಕಪ್ಪಾಗುವುದು. ರಾಗಿಯಲ್ಲಾದರೋ ತೆನೆಯ ಅಲ್ಲೊಂದು ಇಲ್ಲೊಂದು ಕಾಳು ಮಾತ್ರ ಊದಿ, ಮೊದಲು ಹಸುರಾಗಿದ್ದು ಕಡೆಗೆ ಕಪ್ಪಾಗುವುದು. ಎರಡಕ್ಕೂ ಕಾಡಿಗೆ ರೋಗವೆಂದೇ ಹೆಸರು. ಹಾಗಾದರೆ ಎರಡೂ ಒಂದೇ ಶಿಲೀಂಧ್ರವೆ? ಅಲ್ಲ.

ಗರಿಕೆಯ ಉಸ್ಟಿಲಾಗೊ ಸೈನೊಡಾಂಟಿಸ್ ಗಿಡದ ಒಡಲಿನಲ್ಲಿಯೇ ನೆಲೆಸತಕ್ಕದ್ದು. ಕಪ್ಪಾದ ತೆನೆಯನ್ನು ಕೊಯ್ದೆಸೆದ ಮಾತ್ರಕ್ಕೆ ಅದು ತೊಲಗದು. ರಾಗಿಯದು ಗಾಳಿಯೊಡನೆ ಬಂದು ಹೂವನ್ನು ಹೊಗುವುದು. ಆದಕಾರಣ ಬೀಜಕ್ಕೆ ಮದ್ದು ಲೇಪಿಸಿ ನಿಶ್ಚಿಂತರಾಗಿರುವಂತಿಲ್ಲ. ಗುರುತು ತಪ್ಪಿದರೆ ರೈತನ ಹಣವೂ ಶ್ರಮವೂ ವ್ಯರ್ಥವೆಂಬುದನ್ನು ನಾವು ಮರೆಯಲಾಗದು.

ರಾಗಿಯ ಶಿಲೀಂಧ್ರವನ್ನು ಕುಲಕರ್ಣಿಯವರು 1922ರಲ್ಲಿ ಉಸ್ಟಿಲಾಗೊ ಕುಲದಲ್ಲಿಟ್ಟು ವರ್ಣಿಸಿದರು. 1946ರಲ್ಲಿ ಮುಂಡ್ಕೂರ್ ಮತ್ತು ತಿರುಮಲಾಚಾರ್ ಅವರು ಅದನ್ನು ಮೆಲನಾಪ್ಸಿಕಿಯಂ ಕುಲಕ್ಕೆ ವರ್ಗಾಯಿಸಿದರು. ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಇವರ ಗ್ರಂಥವು 1952ರಲ್ಲಿ ಹೊರಬಂದಿತು. ಹೆಸರು ಬದಲಾಯಿಸುವುದು ಪಂಡಿತರ ಚಪಲವೆಂದು ನಗುವವರುಂಟು. ನಮಗೆ ಹಾಗೆ ತೋರದು.

ಆಟದ ಬಯಲಿನ ಹುಲ್ಲನ್ನೇ ನೋಡೋಣ. ನಾಣ್ಯದಗಲದ ಒಣಚುಕ್ಕೆಗಳನ್ನು ಮೂಡಿಸುವ ಶಿಲೀಂಧ್ರಕ್ಕೆ 1937ರಲ್ಲಿ ಬೆನೆಟ್ ಎಂಬವರು ಸ್ಕ್ಲೆರೋಟಿನಿಯ ಹೋಮಿಯೊಕಾರ್ಪ ಎಂದು ನಾಮಕರಣ ಮಾಡಿದರು. ಈ ಕುಲಕ್ಕೆ ಅದು ಸಲ್ಲದೆಂಬ ಶಂಕೆ ಬಹುಕಾಲವಿದ್ದಿತು. ಸೂಕ್ಷ್ಮದರ್ಶಕದಿಂದ ಮಾತ್ರವೇ ತೀರದ ಈ ವ್ಯಾಜ್ಯವನ್ನು ಡಿಎನ್ಎ ಹೋಲಿಕೆಯು ಬಿಡಿಸಿತು. 2018ರಲ್ಲಿ ಕ್ಲಾರಿರೀಡಿಯ ಎಂಬ ಹೊಸ ಕುಲವನ್ನೇ ಸ್ಥಾಪಿಸಿ, ಅದರಲ್ಲಿ ನಾಲ್ಕು ಪ್ರಭೇದಗಳನ್ನು ಎಣಿಸಿದರು. ಜಾಕ್ಸನಿಯೈ ಎಂಬುದು ತಂಪುನಾಡಿನ ಹುಲ್ಲುಗಳನ್ನು ಹಿಡಿಯುವುದು. ನಮ್ಮ ಗರಿಕೆಯಂತಹ ಬಿಸಿಲುನಾಡಿನ ಹುಲ್ಲುಗಳಲ್ಲಿ ಕಾಣಿಸುವುದು ಮಾಂಟೀಥಿಯಾನ.