ಲೈಟ್ ಹತ್ತಿಲ್ಲ ಅಂದ್ರೆ ಗಾಡಿ ಆರಾಮ ಐತಿ ಅಂತಲ್ಲ!

"ತಮ್ಮಾ, ಗಾಡಿ ಭಾಳ ಚಲೋ ಐತಿ. ಡ್ಯಾಶ್‌ಬೋರ್ಡಿನ್ಯಾಗ ಒಂದು ಲೈಟ್ ಸುದ್ದಾ ಹತ್ತಿಲ್ಲ ನೋಡು!"

ಇಂಡಿಯಿಂದ ಕಾಕಾ ಫೋನ್ ಮಾಡಿದಾಗ ನಾನು ಬೆಂಗಳೂರಿನ ಟ್ರಾಫಿಕ್‌ನಲ್ಲಿದ್ದೆ. ಲಿಂಬೆ ತೋಟದ ದುಡ್ಡು ಕೂಡಿಟ್ಟು ಅವರು ಒಂದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡಿದ್ದರು. ಜಪಾನಿನಲ್ಲೇ ತಯಾರಾಗಿ ಬಂದ ಗಾಡಿ. "ಮುಂಗಡ ಕೊಡಬ್ಯಾಡ್ರಿ, ಶನಿವಾರ ಬರ್ತೀನಿ" ಅಂದೆ. ಬ್ಯಾಗಿನಲ್ಲಿ ಬೆಂಕಿಪೊಟ್ಟಣದಷ್ಟಿರುವ ಸ್ಕ್ಯಾನರ್ ಇಟ್ಟುಕೊಂಡೆ.

ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಅದನ್ನು ಚುಚ್ಚಿ ಫೋನ್ ನೋಡಿದೆ. ಕೋಡ್ ಒಂದೂ ಇಲ್ಲ. ಮಾರುವವರ ಮುಖ ಅರಳಿತು. ಆದರೆ ಇನ್ನೊಂದು ಪುಟದಲ್ಲಿ, ಕೋಡ್ ಅಳಿಸಿದ ಮೇಲೆ ಗಾಡಿ ಓಡಿದ್ದು ಬರೀ 11 ಕಿ.ಮೀ. ಅಂತಿತ್ತು! ಸ್ವಯಂ ತಪಾಸಣೆಗಳ ಪಟ್ಟಿಯಲ್ಲಿ ಹೆಚ್ಚಿನವು ಇನ್ನೂ ಮುಗಿದಿರಲಿಲ್ಲ. ಅಂದರೆ ಯಾರೋ ಆಗಷ್ಟೇ ಕೋಡ್ ಅಳಿಸಿದ್ದರು.

"ಸಿಂದಗಿ ತನಕ ಒಂದು ರೌಂಡ್ ಹೋಗಿ ಬರೋಣ್ರಿ" ಅಂದೆ. ವಾಪಸ್ ಬರುವಷ್ಟರಲ್ಲಿ 'ಪೆಂಡಿಂಗ್' ಪಟ್ಟಿಯಲ್ಲಿ ಪಿ0420 ಕೂತಿತ್ತು. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸೂಚನೆ ಅದು. ಡ್ಯಾಶ್‌ಬೋರ್ಡಿನ ಲೈಟ್ ಮಾತ್ರ ಇನ್ನೂ ಹತ್ತಿರಲಿಲ್ಲ. ಕಾಕಾ ಮುಂಗಡ ಕೊಡಲಿಲ್ಲ.

ಅವತ್ತಿನಿಂದ ನೆಂಟರು, ಗೆಳೆಯರು ಕೇಳುವುದು ಒಂದೇ: "ಯಾವ ಸ್ಕ್ಯಾನರ್ ತಗೋಬೇಕು?"

ಮೊದಲು ಗಾಡಿಯ ವರ್ಷ ನೋಡಿ

ಅಮೆರಿಕದಲ್ಲಿ 1996ರಿಂದಲೇ ಒಬಿಡಿ-2 ಕಡ್ಡಾಯ. ನಮ್ಮಲ್ಲಿ ಅದು ಬಂದದ್ದು 2013ರ ಏಪ್ರಿಲ್‌ನಲ್ಲಿ. ಹಾಗಾಗಿ ಅದಕ್ಕಿಂತ ಹಳೆಯ ಗಾಡಿಯಲ್ಲಿ 16 ಪಿನ್ ಸಾಕೆಟ್ ಇದ್ದರೂ ಸಾಮಾನ್ಯ ಸ್ಕ್ಯಾನರ್ ಜೊತೆ ಅದು ಮಾತಾಡುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ತೊಂಬತ್ತರ ದಶಕದ ಟೊಯೊಟಾಗಳಲ್ಲಿ ಟಿಇ1, ಇ1 ಪಿನ್‌ಗಳನ್ನು ತಂತಿಯಿಂದ ಜೋಡಿಸಿ, ಎಂಜಿನ್ ಲೈಟ್ ಎಷ್ಟು ಸಲ ಮಿಟುಕುತ್ತದೆ ಎಂದು ಎಣಿಸಿ ಕೋಡ್ ಓದುತ್ತಿದ್ದರು.

ಹೆಸರು ನೋಡಿ ಮೋಸ ಹೋಗಬೇಡಿ. ಹಳೆಯ ಗ್ರ್ಯಾಂಡ್ ವಿಟಾರಾ ಜಪಾನಿನಿಂದ ಬಂದದ್ದು, 2022ರ ಗ್ರ್ಯಾಂಡ್ ವಿಟಾರಾ ನಮ್ಮ ಬಿಡದಿಯಲ್ಲಿ ತಯಾರಾದದ್ದು. ಸ್ಕ್ಯಾನರ್ ಕೊಳ್ಳುವಾಗ ಮಾಡೆಲ್, ವರ್ಷ, ಎಂಜಿನ್ ಮೂರನ್ನೂ ಹೇಳಿ ಕೇಳಿ.

ನಿಮ್ಮ ಫೋನ್ ಯಾವುದು?

ಹಳೇ ನಮೂನೆಯ ಬ್ಲೂಟೂತ್ ಡಾಂಗಲ್ ಆಂಡ್ರಾಯ್ಡ್‌ಗೆ ಸಾಕು. ಐಫೋನ್ ಇದ್ದರೆ ಬ್ಲೂಟೂತ್ ಎಲ್ಇ ಅಥವಾ ವೈಫೈ ಇರುವುದೇ ಬೇಕು. ಇದನ್ನು ನೋಡದೆ ಆರ್ಡರ್ ಮಾಡಿ ವಾಪಸ್ ಕಳಿಸುವವರೇ ಜಾಸ್ತಿ. ಮನೆಯಲ್ಲಿ ಅಪ್ಪ, ಕಾಕಾ ಬಳಸುವುದಾದರೆ ಸ್ವಂತ ಸ್ಕ್ರೀನ್ ಇರುವ, ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಚಲೋ.

ಅಗ್ಗದ ಮಾಲಿನ ಕಥೆ

ಕೆಲವು ನೂರು ರೂಪಾಯಿಗೆ ಸಿಗುವ ಡಾಂಗಲ್‌ಗಳ ಮೇಲೆ 'ಇಎಲ್ಎಂ327 ವಿ1.5' ಅಂತ ಇರುತ್ತದೆ. ಮೂಲ ಚಿಪ್ ಮಾಡಿದ ಕೆನಡಾದ ಕಂಪನಿ 1.5 ಅನ್ನುವ ಆವೃತ್ತಿಯನ್ನೇ ಬಿಟ್ಟಿರಲಿಲ್ಲ! ನಕಲಿ ಚಿಪ್ ಇರುವ ಎಲ್ಲವೂ ಕೆಲಸಕ್ಕೆ ಬಾರದವು ಅಂತಲ್ಲ. ಎಂಜಿನ್ ಕೋಡ್ ಓದಲು ಕೆಲವು ಸಾಕು. ಆದರೆ ನಡುವೆ ಸಂಪರ್ಕ ಕಡಿದು ಹೋಗುವುದು, ಕೆಲವು ಆಜ್ಞೆಗಳು ನಡೆಯದಿರುವುದು ಮಾಮೂಲು.

ಎಂಜಿನ್ ಆಚೆಗೂ ನೋಡಬೇಕಾ?

ಸಾಮಾನ್ಯ ಸ್ಕ್ಯಾನರ್ ಓದುವುದು ಮುಖ್ಯವಾಗಿ 'ಪಿ' ಕೋಡ್, ಅಂದರೆ ಎಂಜಿನ್ ಮತ್ತು ಗೇರ್ ಕಡೆಯದು. ಎಬಿಎಸ್‌ನ 'ಸಿ', ಏರ್‌ಬ್ಯಾಗ್‌ನ 'ಬಿ' ಕೋಡ್ ಬೇಕೆಂದರೆ ನಿಮ್ಮ ಕಂಪನಿಯ ಗಾಡಿಗೆ ಆ ಸೌಲಭ್ಯ ಇದೆಯಾ ಎಂದು ಖಾತ್ರಿ ಮಾಡಿಕೊಳ್ಳಿ. ಟೊಯೊಟಾಗೆ ಕಂಪನಿಯದೇ ಟೆಕ್‌ಸ್ಟ್ರೀಮ್, ನಿಸ್ಸಾನ್‌ಗೆ ಕನ್ಸಲ್ಟ್ ಇವೆ. ಅವು ಗ್ಯಾರೇಜಿನವರ ಸಾಮಾನು.

ಬಿಎಸ್-6 ಡೀಸೆಲ್ ಗಾಡಿಯವರು ಇನ್ನೊಂದು ಗಮನಿಸಿ. ಮುದ್ದೇಬಿಹಾಳದ ಪೇಟೆಯೊಳಗೇ ಎರಡು-ಮೂರು ಕಿ.ಮೀ. ಓಡಿಸುತ್ತಿದ್ದರೆ ಡಿಪಿಎಫ್‌ನಲ್ಲಿ ಮಸಿ ತುಂಬುತ್ತದೆ. ಅದೆಷ್ಟು ತುಂಬಿದೆ ಎಂದು ತೋರಿಸುವ ಸ್ಕ್ಯಾನರ್ ಇದ್ದರೆ, ವಿಜಯಪುರದವರೆಗೆ ವರ್ಕ್‌ಶಾಪ್‌ಗೆ ಓಡುವ ಮೊದಲೇ ಹೈವೇಯಲ್ಲಿ ಒಂದು ಲಾಂಗ್ ಡ್ರೈವ್ ಹೊಡೆದು ಬರಬಹುದು.

ಕೋಡ್ ಅಂದರೆ ತೀರ್ಪಲ್ಲ

ಪಿ0420 ಬಂತೆಂದು ಕನ್ವರ್ಟರ್ ಬದಲಿಸಲು ಹೊರಡಬೇಡಿ. ಸೈಲೆನ್ಸರ್ ಪೈಪಿನ ಲೀಕ್, ಹಳತಾದ ಆಕ್ಸಿಜನ್ ಸೆನ್ಸರ್ ಕೂಡ ಅದೇ ಕೋಡ್ ತರಿಸಬಲ್ಲವು. ಕೋಡ್ ಅಂದರೆ 'ಈ ಕಡೆ ನೋಡು' ಅನ್ನುವ ಕೈಸನ್ನೆ ಅಷ್ಟೆ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟು ಮಿಸ್ತ್ರಿಗೆ ತೋರಿಸಿ. ಕೆಲಸ ಮುಗಿದ ಮೇಲೆ ಡಾಂಗಲ್ ಕಿತ್ತಿಡಿ. ದಿನಗಟ್ಟಲೆ ಅಲ್ಲೇ ಬಿಟ್ಟರೆ ಬ್ಯಾಟರಿ ಇಳಿದೀತು.

ಎರಡು ತಿಂಗಳಾದ ಮೇಲೆ ಕಾಕಾ ಬೇರೆ ಗಾಡಿ ತಗೊಂಡರು. ನನ್ನ ಸ್ಕ್ಯಾನರ್ ಮಾತ್ರ ವಾಪಸ್ ಬಂದಿಲ್ಲ. ಮೊನ್ನೆ ಕೇಳಿದರೆ, "ಬಾಗೇವಾಡಿ ಬೀಗರು ಗಾಡಿ ನೋಡಾಕ ಹೊಂಟಿದ್ರು, ಒಯ್ದಾರ. ನೀ ಇನ್ನೊಂದು ತಗೋ" ಅಂದರು.