ಸಂತ ಮೋನಿಕಮ್ಮನ ಮಠ: ನೋಡುವುದೋ, ಮೊಣಕಾಲೂರುವುದೋ?



ಆಗಸ್ಟ್ 27 ಸಂತ ಮೋನಿಕಮ್ಮನವರ ಹಬ್ಬ. ದಾರಿ ತಪ್ಪಿದ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಕಣ್ಣೀರಿಟ್ಟು ಪ್ರಾರ್ಥಿಸಿದ ತಾಯಿ ಆಕೆ. ಆಕೆಯ ಹೆಸರಿನ ಮಠವೊಂದು ಹಳೇ ಗೋವಾದಲ್ಲಿದೆ. ಸಂತ ಫ್ರಾನ್ಸಿಸ್ ಝೇವಿಯರರ ದರ್ಶನಕ್ಕೆಂದು ದಂಡೋತಿಯಿಂದ ಹೊರಟ ನಾವು ಅಲ್ಲಿಯ ಕ್ರೈಸ್ತ ಕಲಾ ಮ್ಯೂಸಿಯಂಗೂ ಹೋಗಿದ್ದೆವು. ಒಳಗೆ ಹೋದೊಡನೆ ನಮ್ಮೊಂದಿಗಿದ್ದ ಅಜ್ಜಿಯೊಬ್ಬರು ಗಾಜಿನ ಪೆಟ್ಟಿಗೆಯ ಮುಂದೆ ಮೊಣಕಾಲೂರಿದರು. "ಆಯಿ, ಏಳು. ಇದು ದೇವಾಲಯ ಅಲ್ಲ, ಮ್ಯೂಸಿಯಂ ಅದ" ಎಂದ ಮೊಮ್ಮಗ. ಇಬ್ಬರಲ್ಲಿ ಯಾರದು ಸರಿ?

ಅಗಸ್ಟೀನ್ ಸಭೆಗೆ ಸೇರಿದ ಮಹಾಧರ್ಮಾಧ್ಯಕ್ಷ ಅಲೆಯ್ಷೊ ದ ಮೆನೆಜಿಸ್‌ರವರು 1606ರಲ್ಲಿ ಕನ್ಯಾಸ್ತ್ರೀಯರಿಗಾಗಿ ಈ ಮಠವನ್ನು ಸ್ಥಾಪಿಸಿದರು. 19ನೇ ಶತಮಾನದಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಭೆಗಳನ್ನು ರದ್ದುಮಾಡಿದಾಗ, ಹೊಸಬರಿಲ್ಲದೆ ಮಠ ಕ್ರಮೇಣ ಬರಿದಾಯಿತು. 1994ರಲ್ಲಿ ರಾಚೋಲ್ ಗುರುಮಠದಲ್ಲಿ ಆರಂಭವಾದ ಮ್ಯೂಸಿಯಂ 2002ರಲ್ಲಿ ಇಲ್ಲಿಗೆ ಬಂದಿತು. ನವೀಕರಣದ ನಂತರ 2022ರಲ್ಲಿ ಮತ್ತೆ ತೆರೆಯಿತು.

ಅಲ್ಲಿ ಹೆಜ್ಜಾರ್ಲೆ, ಅಂದರೆ ಪೆಲಿಕನ್ ಹಕ್ಕಿಯ ರೂಪದ ಬೆಳ್ಳಿಯ ಪರಮಪ್ರಸಾದ ಪಾತ್ರೆಯಿದೆ. ಈ ಹಕ್ಕಿ ತನ್ನ ಎದೆಯನ್ನೇ ಕುಕ್ಕಿ ಮರಿಗಳಿಗೆ ರಕ್ತ ಉಣಿಸುತ್ತದೆಂದು ಹಿಂದಿನವರು ನಂಬಿದ್ದರು. ಅದು ನಿಜವಲ್ಲ, ಆದರೆ ತನ್ನನ್ನೇ ಆಹಾರವಾಗಿ ಕೊಟ್ಟ ಪ್ರಭುವಿಗೆ ಅದು ತಕ್ಕ ಸಂಕೇತವಾಯಿತು. ಗೋವಾದ ಕುಶಲಕರ್ಮಿಗಳು ದಂತದಲ್ಲಿ ಕೆತ್ತುತ್ತಿದ್ದ ಬಾಲಯೇಸುವನ್ನೂ ನೋಡಬೇಕು. ಕುರಿಗಾಹಿಯ ವೇಷ, ಕೆನ್ನೆಗೆ ಕೈ, ಮುಚ್ಚಿದ ಕಣ್ಣು. ಧ್ಯಾನಸ್ಥ ಬುದ್ಧನ ನೆನಪಾಗುತ್ತದೆ. ಶುಭಸಂದೇಶ ಪರದೇಶದಿಂದ ಬಂದರೂ ಅದಕ್ಕೆ ರೂಪ ಕೊಟ್ಟ ಕೈಗಳು ನಮ್ಮ ನಾಡಿನವು.

ಅವುಗಳ ಮುಂದೆ ನಿಂತಾಗ ನಮ್ಮ ತಪ್ಪೊಂದು ನಮ್ಮನ್ನು ಚುಚ್ಚಿತು. ಹಿಂದೊಮ್ಮೆ ಹಬ್ಬದ ಸಡಗರದಲ್ಲಿ ಹಳೆಯ ಮರದ ಸ್ವರೂಪವೊಂದಕ್ಕೆ ನಾವೇ ಹೊಳೆಯುವ ಪೇಂಟ್ ಹೊಡೆಸಿದ್ದೆವು. ಅಜ್ಜ-ಮುತ್ತಜ್ಜಂದಿರು ಕಂಡ ಮುಖ ಅದರಡಿ ಮರೆಯಾಯಿತು. ಪುರಾತನವಾದ, ಕಲಾತ್ಮಕವಾದ ಇಲ್ಲವೇ ಜನರ ಭಕ್ತಿ ಪಡೆದ ಅಮೂಲ್ಯ ಸ್ವರೂಪಗಳನ್ನು ಧರ್ಮಾಧ್ಯಕ್ಷರ ಲಿಖಿತ ಅನುಮತಿಯಿಲ್ಲದೆ ದುರಸ್ತಿ ಮಾಡಬಾರದು, ಅನುಮತಿಗೆ ಮುನ್ನ ಅವರು ತಜ್ಞರನ್ನು ಕೇಳಬೇಕು ಎಂದು ಧರ್ಮಸಭೆಯ ಕಾನೂನು 1189 ಹೇಳುತ್ತದೆ. ಗುರುಮಠದಲ್ಲಿ ಓದಿದ್ದೆವು; ಪಾಲಿಸಲಿಲ್ಲ.

ಹೀಗಾಗಿ ಪ್ರಿಯರೇ, ಅಜ್ಜಿಯೂ ಸರಿ, ಮೊಮ್ಮಗನೂ ಸರಿ. ಗಾಜಿನೊಳಗಿನ ಆ ವಸ್ತುಗಳ ಮುಂದೆ ಎಷ್ಟೋ ಜನ ಪ್ರಾರ್ಥಿಸಿದ್ದಾರೆಂದು ಅಜ್ಜಿ ಅರಿತಿದ್ದರು. ನಿಂತು, ಗಮನವಿಟ್ಟು ನೋಡುವುದನ್ನು ಮ್ಯೂಸಿಯಂ ಮೊಮ್ಮಗನಿಗೆ ಕಲಿಸುತ್ತದೆ. ನಿಮ್ಮ ಮನೆಯ ಹಳೆಯ ಶಿಲುಬೆಯನ್ನೋ ಜಪಸರವನ್ನೋ ಗುಜರಿಗೆ ಹಾಕುವ ಮುನ್ನ ಮಕ್ಕಳನ್ನು ಕೂರಿಸಿ, ಅದನ್ನು ಹಿಡಿದು ಯಾರು ಯಾರಿಗಾಗಿ ಪ್ರಾರ್ಥಿಸಿದರೆಂದು ಹೇಳಿ. ಮೋನಿಕಮ್ಮನ ಹಬ್ಬವನ್ನು ಈ ಸಲ ಹಾಗೆ ಆಚರಿಸೋಣ. ಆಮೆನ್.