ಬಿರುಬೇಸಿಗೆಯ ನಸುಕಿನಲ್ಲಿ ಗುಬ್ಬಿಯನ್ನೊಮ್ಮೆ ಸುತ್ತಿ ಬನ್ನಿ



ಯುಗಾದಿ ಕಳೆದು ಭರಣಿ ಮಳೆಯ ದಾರಿ ಕಾಯುವ ಈ ದಿನಗಳಲ್ಲಿ ಗುಬ್ಬಿ, ತುಮಕೂರು, ಕುಣಿಗಲ್ ಸೀಮೆಯಲ್ಲಿ ಹತ್ತು ಗಂಟೆಯ ಮೇಲೆ ಬರಿಗಾಲಿನಲ್ಲಿ ನೆಲ ಮೆಟ್ಟಲಾಗದು. ಹೀಗಾಗಿ ನಮ್ಮಲ್ಲಿ ಅನೇಕರು ಬೇಸಿಗೆಯಲ್ಲಿ ತೋಟದ ಕಡೆ ತಲೆ ಹಾಕುವುದು ಬಿಸಿಲು ಇಳಿದ ಮೇಲೆ. ಕೆಲಸಕ್ಕೆ ಸಂಜೆಯೂ ಆದೀತು. ಆದರೆ ಗಿಡದ ಯೋಗಕ್ಷೇಮ ತಿಳಿಯುವುದಕ್ಕೆ ಸಂಜೆ ತಕ್ಕ ಹೊತ್ತಲ್ಲ. ಅದಕ್ಕೆ ಸೂರ್ಯ ಮೂಡುವ ಹೊತ್ತೇ ಸರಿ.

ಕಾರಣ ಹೇಳುತ್ತೇನೆ. ಹಗಲಿನಲ್ಲಿ ಎಲೆಗಳು ತಮ್ಮ ಸಣ್ಣ ರಂಧ್ರಗಳ ಮೂಲಕ ನೀರನ್ನು ಆವಿಯಾಗಿ ಬಿಡುತ್ತವೆ. ಉರಿಬಿಸಿಲಿನಲ್ಲಿ ಬೇರು ಎಳೆದುಕೊಳ್ಳುವುದಕ್ಕಿಂತ ಎಲೆ ಕಳೆದುಕೊಳ್ಳುವುದೇ ಹೆಚ್ಚು. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ಬದನೆ, ಕುಂಬಳ, ಹಿಪ್ಪುನೇರಳೆ ಎಲೆ ಜೋತುಬಿದ್ದರೆ ಮಣ್ಣಿನಲ್ಲಿ ನೀರಿಲ್ಲವೆಂದು ತಿಳಿಯಬೇಕಾಗಿಲ್ಲ. ರಾತ್ರಿ ರಂಧ್ರಗಳು ಬಹುಮಟ್ಟಿಗೆ ಮುಚ್ಚಿರುತ್ತವೆ, ಬೇರು ತನ್ನ ಕೆಲಸ ಮಾಡುತ್ತಲೇ ಇರುತ್ತದೆ, ಬೆಳಗಿನ ಹೊತ್ತಿಗೆ ಗಿಡ ಮತ್ತೆ ನೆಟ್ಟಗಾಗುತ್ತದೆ. ಬೆಳಗ್ಗೆ ಆರಕ್ಕೂ ಎಲೆ ಬಾಡಿಯೇ ಇದ್ದರೆ ಆಗ ನೀರು ಬೇಕೆಂದು ಅರ್ಥ. ಮಣ್ಣು ಹಸಿಯಾಗಿದ್ದೂ ಬೆಳಗ್ಗೆ ಬಾಡಿದ್ದರೆ ಬೇರಿಗೆ ರೋಗ ತಗುಲಿದೆ ಎಂದು ಸಂಶಯಪಡಬೇಕು. ಟೊಮ್ಯಾಟೊದಲ್ಲಿ ಸೊರಗು ರೋಗ ಹೀಗೆಯೇ ಕಾಣಿಸಿಕೊಳ್ಳುತ್ತದೆ. ಅಂಥ ಗಿಡಕ್ಕೆ ಇನ್ನಷ್ಟು ನೀರು ಕಟ್ಟಿದರೆ ರೋಗವನ್ನು ಪಕ್ಕದ ಸಾಲಿಗೆ ಕಳಿಸಿಕೊಟ್ಟಂತೆ. ಮಧ್ಯಾಹ್ನದ ಬಾಟವನ್ನು ನೋಡಿ ಗಾಬರಿಯಿಂದ ಮೋಟಾರು ಹಾಕುವುದರಿಂದ ಕೊಳವೆಬಾವಿಯ ನೀರು ಎಷ್ಟು ಪೋಲಾಗುತ್ತಿದೆಯೋ ಲೆಕ್ಕ ಇಟ್ಟವರಿಲ್ಲ.

ಈ ಕಣ್ಣನ್ನಿಟ್ಟುಕೊಂಡು ಒಂದು ದಿನ ನಸುಕಿನಲ್ಲಿ ಗುಬ್ಬಿ ಪೇಟೆಯನ್ನು ಸುತ್ತಿ ನೋಡಿ. ರೈಲು ನಿಲ್ದಾಣದ ಕಡೆಯಿಂದ ಹೊರಟರೆ ಐದೂವರೆಗೆ ಊರಿನಲ್ಲಿ ಹಾಲಿನವರು, ಹೂವಿನವರು, ನಲ್ಲಿಯ ಮುಂದೆ ಕೊಡ ಇಟ್ಟವರು ಬಿಟ್ಟರೆ ಹೆಚ್ಚು ಮಂದಿ ಕಾಣರು. 1884ರಲ್ಲಿ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಊರು ಇದು. ಈ ಹೊತ್ತಿನಲ್ಲಿ ಮಾತ್ರ ಕಸಬರಿಕೆಯ ಸದ್ದೇ ದೊಡ್ಡದು.

ಆ ಕಸಬರಿಕೆಯನ್ನೇ ಗಮನಿಸಿ. ಹೊಂಗೆ ಮರ ಈಗ ಹೂ ಉದುರಿಸುವ ಕಾಲ. ಮರದಡಿ ಚಾಪೆ ಹಾಸಿದಂತೆ ಬಿದ್ದ ಹೂವನ್ನೂ, ಒಣಗಿದ ತರಗನ್ನೂ ಗುಡಿಸಿ ರಸ್ತೆಯ ಬದಿಗೆ ಒಟ್ಟಿ ಬೆಂಕಿ ಇಡುತ್ತಾರೆ. ಹತ್ತು ಮನೆಗೊಂದು ಹೊಗೆ. ಹೊಂಗೆಯ ಸೊಪ್ಪು, ಹೂವುಗಳ ಬೆಲೆ ನಮ್ಮ ಹಿರಿಯರಿಗೆ ಗೊತ್ತಿತ್ತು, ಗಾಡಿ ಕಟ್ಟಿ ಗದ್ದೆಗೆ ಹೊಡೆಯುತ್ತಿದ್ದರು. ಸುಟ್ಟಾಗ ಅದರಲ್ಲಿರುವ ಸಾರಜನಕವೂ ಸಾವಯವ ಅಂಶವೂ ಗಾಳಿಗೆ ಹೋಗುತ್ತವೆ, ಬೂದಿಯಲ್ಲಿ ಪೊಟ್ಯಾಷ್ ಮತ್ತು ಸ್ವಲ್ಪ ಸುಣ್ಣದಂಶ ಉಳಿದೀತು. ಊರ ಅಂಚಿನಲ್ಲಿ ತೋಟವಿರುವವರು ಎರಡು ಚೀಲ ಹಿಡಿದು ಬೆಳಗ್ಗೆ ಒಂದು ಸುತ್ತು ಬಂದರೆ ಪೇಟೆಯವರು ಬೇಡವೆನ್ನುವುದಿಲ್ಲ. ನಾಚಿಕೆ ಏಕೆ ಪಡಬೇಕು?

ಕಾಯಿ ಸುಲಿಯುವ ಕಡೆ ಬಿದ್ದಿರುವ ಸಿಪ್ಪೆಯ ರಾಶಿಗಳದೂ ಇದೇ ಕಥೆ. ತೆಂಗಿನ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳಬಲ್ಲದು. ಪಾತಿಯ ಮೇಲೆ ಹೊದಿಕೆಯಾಗಿ ಹಾಸುವಾಗ ಸಿಪ್ಪೆಯ ಉಬ್ಬಿದ ಮೈ ಮೇಲಕ್ಕಿರಬೇಕು. ಆಗ ಮಣ್ಣಿನ ತೇವ ಆರುವುದಿಲ್ಲ. ಸಾಲುಗಳ ನಡುವೆ ಗುಂಡಿ ತೋಡಿ ಹೂಳುವುದಾದರೆ ಒಳಮೈ ಮೇಲಕ್ಕಿರಬೇಕು. ಆಗ ಪ್ರತಿ ಸಿಪ್ಪೆಯೂ ಒಂದು ಬಟ್ಟಲಾಗಿ ಮಳೆನೀರನ್ನು ಹಿಡಿಯುತ್ತದೆ. ಒಮ್ಮೆ ಹೂತರೆ ಐದಾರು ವರ್ಷ ಬಾಳುತ್ತದೆ. ಪಾತಿ ಎಂದರೆ ಮರದ ಬುಡಕ್ಕೆ ಅಂಟಿಕೊಂಡ ಬಟ್ಟಲಲ್ಲ ಎಂಬುದೂ ನೆನಪಿರಲಿ. ತೆಂಗಿನ ಬೇರುಗಳು ಹೆಚ್ಚು ಚುರುಕಾಗಿರುವುದು ಬುಡದಿಂದ ಸುಮಾರು ಆರು ಅಡಿಯ ಸುತ್ತಿನಲ್ಲಿ. ನೀರು, ಗೊಬ್ಬರ, ಹೊದಿಕೆ ಮೂರೂ ಅಲ್ಲಿಯವರೆಗೆ ಹರಡಿರಬೇಕು.

ಪೇಟೆ ದಾಟಿ ತೋಟಗಳ ದಾರಿ ಹಿಡಿದರೆ ತಲೆ ಎತ್ತಿ ನೋಡುವ ಕೆಲಸ. ಬೆಳಗಿನ ಓರೆ ಬಿಸಿಲು ಗರಿಯ ಕೆಳಭಾಗಕ್ಕೆ ಬೀಳುತ್ತದೆ. ನೆತ್ತಿಯ ಮೇಲೆ ಸೂರ್ಯ ಬಂದ ಮೇಲೆ ಕಣ್ಣು ಕೋರೈಸಿ ಏನೂ ಕಾಣದು. ಕೆಳಸುತ್ತಿನ ಗರಿಗಳು ಬೆಂಕಿ ತಗುಲಿದಂತೆ ಕಂದಾಗಿದ್ದರೆ ಅದು ಬಿಸಿಲಿನ ಹೊಡೆತವೆಂದು ಸುಮ್ಮನಾಗಬೇಡಿ. ಬಿದ್ದ ಗರಿಯೊಂದನ್ನು ಮಗುಚಿ ನೋಡಿ. ನೂಲು ಮತ್ತು ಹಿಕ್ಕೆಯಿಂದ ಕಟ್ಟಿದ ಸುರಂಗಗಳಿದ್ದರೆ ಅದು ಕಪ್ಪುತಲೆ ಹುಳು. ಬೇಸಿಗೆಯಲ್ಲಿಯೇ ಇದರ ಹಾವಳಿ ಏರುವುದು. ಹೆಚ್ಚು ಬಾಧೆಯಾದ ಗರಿಗಳನ್ನು ಕಡಿದು ಸುಡಿ. ಮೇಲೆ ಹೊಂಗೆಯ ತರಗನ್ನು ಸುಡಬೇಡಿ ಎಂದವನೇ ಇದನ್ನು ಸುಡಿ ಎನ್ನುತ್ತಿದ್ದೇನೆ, ಹುಳು ಕೂತ ಗರಿಯ ಮಾತು ಬೇರೆ. ಅನಂತರ ಗೋನಿಯೋಜಸ್ ಎಂಬ ಪರೋಪಜೀವಿ ಕಣಜವನ್ನು ಮರಕ್ಕೆ ಹದಿನೈದು ಇಪ್ಪತ್ತರಂತೆ, ಹದಿನೈದು ದಿನಕ್ಕೊಮ್ಮೆ ನಾಲ್ಕು ಸಲ ಬಿಡಬೇಕು. ತೋಟಗಾರಿಕೆ ಇಲಾಖೆಯ ಪ್ರಯೋಗಾಲಯಗಳಲ್ಲಿ ಇವನ್ನು ಸಾಕುತ್ತಾರೆ. ಒಬ್ಬರೇ ತಂದು ಬಿಟ್ಟರೆ ಫಲ ಕಡಿಮೆ, ನೆರೆಯ ನಾಲ್ಕು ತೋಟದವರು ಕೂಡಿ ತರಬೇಕು.

ಇನ್ನು ಗರಿಗಳು ಮಸಿ ಬಳಿದಂತೆ ಕಪ್ಪಾಗಿದ್ದರೆ ಅದು ಸುರುಳಿ ಬಿಳಿನೊಣದ ಕೆಲಸ. 2016ರಲ್ಲಿ ತಮಿಳುನಾಡು, ಕೇರಳಗಳಲ್ಲಿ ಮೊದಲು ಕಂಡ ಈ ಪರದೇಶಿ ಕೀಟ ಈಗ ನಮ್ಮ ತೋಟಗಳಲ್ಲೂ ಮನೆಮಾಡಿದೆ. ಗರಿಯ ಅಡಿಯಲ್ಲಿ ಕುಳಿತು ರಸ ಹೀರಿ ಸಿಹಿಯಂಟನ್ನು ಸುರಿಸುತ್ತದೆ, ಕೆಳಗಿನ ಗರಿಯ ಮೇಲೆ ಅದು ಬಿದ್ದಲ್ಲೆಲ್ಲ ಕಪ್ಪು ಬೂಷ್ಟು ಬೆಳೆಯುತ್ತದೆ. ಕಪ್ಪು ಕಂಡೊಡನೆ ಅಂಗಡಿಗೆ ಓಡಿ ಘಾಟು ವಿಷ ತಂದು ಸಿಂಪಡಿಸುವವರನ್ನು ನಾನು ಬಹಳ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಈ ನೊಣದ ಮರಿಗಳನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಸೂಕ್ಷ್ಮ ಕಣಜ ತೋಟದಲ್ಲಿ ತಾನಾಗಿಯೇ ಬೆಳೆಯುತ್ತದೆ. ವಿಷ ಹೊಡೆದರೆ ಮೊದಲು ಸಾಯುವುದು ಅದೇ. ಎಳೆಯ ಮರಗಳಿಗೆ ರಭಸದಿಂದ ನೀರು ಹಾಯಿಸಿ ನೊಣಗಳನ್ನು ತೊಳೆಯಿರಿ. ಹಳದಿ ಅಂಟುಪಟ್ಟಿ ಕಟ್ಟಿ. ಬಾಧೆ ಮಿತಿಮೀರಿದರೆ ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸೋಪಿನ ನೀರಿನೊಡನೆ ಕದಡಿ ಗರಿಯ ಅಡಿಮೈಗೆ ಸಿಂಪಡಿಸಿ. ಕಪ್ಪು ಬೂಷ್ಟಿಗೆ ನೂರಕ್ಕೆ ಒಂದರ ಗಂಜಿ ನೀರು ಸಾಕು, ಒಣಗಿದಾಗ ಹೊಟ್ಟಿನಂತೆ ಉದುರಿಹೋಗುತ್ತದೆ.

ಕೊನೆಗೆ ಬುಡಕ್ಕೆ ಬನ್ನಿ. ನೆಲದಿಂದ ಎರಡು ಮೂರು ಅಡಿಯೊಳಗೆ ಕಾಂಡದಿಂದ ಕೆಂಪು ಮಿಶ್ರಿತ ಕಂದು ಅಂಟು ಸೋರುತ್ತಿದೆಯೇ? ಹೊರಸುತ್ತಿನ ಗರಿ ಸೋತು ಜೋತಿದೆಯೇ? ತುಮಕೂರು ಜಿಲ್ಲೆಯ ತೆಂಗನ್ನು ತಿನ್ನುತ್ತಿರುವ ಅಣಬೆ ರೋಗದ ಗುರುತು ಇದು. ಮಣ್ಣಿನಿಂದ, ಬೇರಿನಿಂದ, ಹಾಯಿಸುವ ನೀರಿನಿಂದ ಹರಡುತ್ತದೆ. ರೋಗದ ಮರದ ಪಾತಿಯಿಂದ ಮುಂದಿನ ಪಾತಿಗೆ ನೀರು ಹರಿಸುವ ಪದ್ಧತಿಯನ್ನು ಇಂದೇ ನಿಲ್ಲಿಸಬೇಕು. ಮರದ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆದು ಬೇರ್ಪಡಿಸಿ. ಸುತ್ತಲಿನ ಮರಗಳಿಗೆ ವರ್ಷಕ್ಕೆ ಐದು ಕಿಲೋ ಬೇವಿನ ಹಿಂಡಿಯನ್ನು ಟ್ರೈಕೋಡರ್ಮ ಬೆರೆಸಿ ಕೊಡಿ. ಪೂರ್ತಿ ಸೊರಗಿದ ಮರವನ್ನು ಹಿರಿಯರು ನೆಟ್ಟದ್ದೆಂದು ಉಳಿಸಿಕೊಳ್ಳುವುದು ಬೇಡ. ಬೇರು ಸಮೇತ ತೆಗೆಯಿರಿ. ಒಂದು ಮರದ ಮೇಲಿನ ಕನಿಕರ ಹತ್ತು ಮರವನ್ನು ಕೊಂದೀತು.

ಅಡಿಕೆಯವರು ಕಾಂಡದ ಪಡುವಣ, ತೆಂಕಣ ಮೈಯನ್ನು ನೋಡಿಕೊಳ್ಳಿ. ಹೊಂಬಣ್ಣಕ್ಕೆ ತಿರುಗಿದ್ದರೆ ಬಿಸಿಲು ಸುಟ್ಟಿದೆ, ಮುಂದೆ ಸೀಳುತ್ತದೆ. ಸುಣ್ಣ ಬಳಿಯುವುದು ಅಗ್ಗದ ಉಪಾಯ.

ಹಿಂತಿರುಗುವಾಗ ಕೆರೆ ಏರಿಯ ಮೇಲೆ ಬನ್ನಿ. ಗುಬ್ಬಿ ಕೆರೆಗೂ, ತುಮಕೂರಿಗೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿಗೂ, ಕಾಲುವೆಯ ಕೊನೆಯಲ್ಲಿರುವ ಕುಣಿಗಲ್ ದೊಡ್ಡಕೆರೆಗೂ ಕಣ್ಣು ಹೇಮಾವತಿಯ ಮೇಲೆಯೇ. 2025ರಲ್ಲಿ ಲಿಂಕ್ ಕಾಲುವೆಯ ವಿಷಯಕ್ಕೆ ಗುಬ್ಬಿ ತಾಲ್ಲೂಕಿನ ರೈತರು ಬೀದಿಗಿಳಿದದ್ದು ನಿಮಗೆ ಗೊತ್ತೇ ಇದೆ. ಆ ನ್ಯಾಯವನ್ನು ತೀರಿಸುವುದು ನನ್ನ ಕೆಲಸವಲ್ಲ. ಯಾವ ತಾಲ್ಲೂಕಿಗೆ ಎಷ್ಟೇ ನೀರು ಬರಲಿ, ಅದನ್ನು ಹಿಡಿದಿಡಲು ಕೆರೆಗೆ ಆಳ ಬೇಕು. ನೀರು ಹಿಂಜರಿದ ಅಂಚಿನಲ್ಲಿ ಬಿರಿದ ಗೋಡು ಕಾಣುತ್ತದೆ. ನಮ್ಮ ಕೆಂಪು ಮರಳುಮಣ್ಣಿಗೆ ಅದು ನೀರು ಹಿಡಿಯುವ ಶಕ್ತಿ ಕೊಡುತ್ತದೆ, ಜೇಡಿಯಿರುವ ಹೊಲಕ್ಕೆ ಬೇಡ. ಅನುಮತಿ ಪಡೆದು, ಏರಿಯಿಂದ ದೂರದಲ್ಲಿ, ಸಮನಾಗಿ ತೆಗೆಯಬೇಕು. ಅಲ್ಲಲ್ಲಿ ಆಳದ ಗುಂಡಿ ಬಿಟ್ಟರೆ ಮಳೆಗಾಲದಲ್ಲಿ ಈಜಲಿಳಿದ ಮಕ್ಕಳ ಪ್ರಾಣಕ್ಕೆ ಅಪಾಯ. ಹಾಕುವ ಮೊದಲು ಒಂದು ಬೊಗಸೆ ಗೋಡನ್ನು ಮಣ್ಣು ಪರೀಕ್ಷೆಗೆ ಕೊಟ್ಟು ಉಪ್ಪಿನಂಶ ನೋಡಿಸಿ.

ಇಷ್ಟು ಸುತ್ತುವಷ್ಟರಲ್ಲಿ ಎಂಟು ಗಂಟೆಯಾಗಿರುತ್ತದೆ. ಆಳುಗಳ ಕೆಲಸವನ್ನು ಹತ್ತೂವರೆಯೊಳಗೆ ಮುಗಿಸಿ, ಉಳಿದದ್ದನ್ನು ನಾಲ್ಕರ ಮೇಲೆ ಇಟ್ಟುಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆಯ ಗಡಿಗೆ ತೋಟದಲ್ಲೇ ಇರಲಿ. ಗರಿಯಲ್ಲಿ ಅನುಮಾನದ ಗುರುತು ಕಂಡರೆ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ, ತುಮಕೂರಿನ ಕಡೆಯವರು ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೂ ತಿಪಟೂರಿನ ಕಡೆಯವರು ಕೊನೇಹಳ್ಳಿಯ ಕೇಂದ್ರಕ್ಕೂ ತೆಗೆದುಕೊಂಡು ಹೋಗಬಹುದು. ಯಾವ ಸುತ್ತಿನ ಗರಿ, ಎಷ್ಟು ಮರಕ್ಕೆ ತಗುಲಿದೆ ಎಂಬುದನ್ನು ಬರೆದುಕೊಂಡು ಹೋದರೆ ಅಲ್ಲಿನವರಿಗೆ ಹೇಳಲು ಸುಲಭ.